ಸಣ್ಣ ಸೊಸೆಯ ಫೋನು

ನಮ್ಮ ತವರಿನಲ್ಲಿ ಸೊಸೆಯಂದಿರಿಗೆ ಕೊಡುವುದರಲ್ಲಿ ಹೆಚ್ಚುಕಡಿಮೆ ಆಗಕೂಡದು. ದೊಡ್ಡವಳಿಗೆ ಎಂಥ ಸೀರೆಯೋ ಚಿಕ್ಕವಳಿಗೂ ಅಂಥದ್ದೇ. ಈ ಮಾತು ಹೇಳುವಾಗ ಅವ್ವ ಧ್ವನಿ ಏರಿಸುವುದಿಲ್ಲ, ಅದಕ್ಕೇ ನಮಗೆ ಹೆದರಿಕೆ ಜಾಸ್ತಿ. ಸೀರೆಯಾದರೆ ಒಂದೇ ಅಂಗಡಿಯಲ್ಲಿ ಒಂದೇ ನಮೂನೆಯದು ಎರಡು ತೆಗೆಸಬಹುದು. ಫೋನಿಗೆ ಏನು ಮಾಡುವುದು?

ಈಗೀಗ ನಿಶ್ಚಿತಾರ್ಥದ ದಿನ ಹುಡುಗಿಗೆ ಉಡಿ ತುಂಬುವ ತಟ್ಟೆಯಲ್ಲಿ ಸೀರೆ, ಹಣ್ಣುಗಳ ಪಕ್ಕ ಫೋನನ್ನೂ ಇಡುವುದು ರೂಢಿಯಾಗಿಬಿಟ್ಟಿದೆ. ಎರಡು ವರ್ಷದ ಹಿಂದೆ ಅಣ್ಣನ ಹೆಂಡತಿಗೆ ಇಟ್ಟಿದ್ದೆವು. ಈ ಸಲ ತಮ್ಮನ ಸರದಿ, ಹುಡುಗಿ ಹರಿಹರದವಳು. ತವರು ಶಾಮನೂರು, ನಾನಿರುವುದು ಪೇಟೆಗೆ ಹತ್ತಿರದ ವಿನೋಬನಗರ. ಹಾಗಾಗಿ ಫೋನು ತರುವ ಕೆಲಸ ನನ್ನ ತಲೆಗೆ ಬಂತು.

"ನಿಂಗೆ ಅಂಗಡಿ ಹತ್ರ ಅದಾವಲ್ಲ, ನೀನೇ ತಗಂಬಾ. ದೊಡ್ಡಾಕಿದು ಹೆಂಗೈತೋ ಹಂಗೇ ಇರ್ಲಿ. ಹೆಚ್ಚೂ ಬ್ಯಾಡ, ಕಮ್ಮೀನೂ ಬ್ಯಾಡ" ಎಂದಳು ಅವ್ವ.

ಅತ್ತಿಗೆಯ ಮಾಡೆಲ್ ಬರುವುದೇ ನಿಂತುಹೋಗಿತ್ತು. ಅದೇ ಕಂಪನಿಯ ಈ ವರ್ಷದ ನಾಲ್ಕು ಫೋನುಗಳನ್ನು ಅಂಗಡಿಯವನು ಗಾಜಿನ ಮೇಲೆ ಸಾಲಾಗಿ ಇಟ್ಟ. ನನಗೆ ನಾಲ್ಕೂ ಒಂದೇ ಥರ ಕಂಡವು.

"ಇದು ಸಾದಾ, ಇದು ಅದಕ್ಕಿಂತ ದೊಡ್ಡದು, ಇದು ಎಲ್ಲದಕ್ಕೂ ಮ್ಯಾಲಿಂದು. ಈ ನಾಕನೇದು ಹೊಸದಾಗಿ ಬಿಟ್ಟಾರೆ ನೋಡ್ರಕ್ಕ. ಸಾದಾದಕ್ಕಿಂತ ಒಂದು ಮೆಟ್ಲು ಕೆಳಗೆ ಕುಂದ್ರಿಸ್ಯಾರೆ. ಮಕ ಮಾತ್ರ ದೊಡ್ಡದರಂಗೇ ಐತೆ."

ಅತ್ತಿಗೆಯ ಹಳೆಯ ಸಾದಾ ಫೋನಿನ ಮುಂದೆ ಇದು ಹೇಗೆ ಎಂದು ಕೇಳಿದೆ.

"ಮಾಡೆಲ್ ನಂಬರ್ ಇದ್ರದ್ದೇ ಜಾಸ್ತಿ. ಆದ್ರೆ ದೂರದ್ದು ಹತ್ರ ಎಳೆಯೋ ಕ್ಯಾಮೆರಾ ಅದ್ರಾಗೈತೆ, ಇದ್ರಾಗಿಲ್ಲ. ಗೊತ್ತಿದ್ದೋರಿಗಷ್ಟೇ ಗೊತ್ತಾಗ್ತತಿ ಬಿಡ್ರಿ."

ನನ್ನ ತಲೆ ಅಲ್ಲೇ ಓಡಿತು. ಹರಿಹರದವರು ನಂಬರ್ ನೋಡಿ ಹೊಸದು ಎಂದು ಹಿಗ್ಗುತ್ತಾರೆ. ಅತ್ತಿಗೆಗೆ ತನ್ನದೇ ಮೇಲಿನದು ಎಂಬ ಸಮಾಧಾನ. ಅವ್ವನಿಗೆ ಎರಡೂ ಸಮ ಎಂದರಾಯಿತು. ಮೂರು ಮಂದಿಗೆ ಮೂರು ಮಾತು, ಒಂದೇ ಫೋನು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಬಿಲ್ ಮಾಡಿಸಿದೆ. ತವರಿಗೆ ಹೋದವಳು ಅತ್ತಿಗೆಯ ಕಿವಿಯಲ್ಲಿ, "ನಿಮ್ಮದೇ ಒಂದು ಕೈ ಮ್ಯಾಲೈತೆ, ಯಾರ ಮುಂದೂ ಅನಬ್ಯಾಡ್ರಿ" ಎಂದೂ ಹೇಳಿದೆ. ಅತ್ತಿಗೆ ಬಾಯಿ ತುಂಬ ನಕ್ಕರು. ಆ ನಗು ನೋಡಿದಾಗಲೇ ಇವರು ಸುಮ್ಮನಿರುತ್ತಾರೋ ಇಲ್ಲವೋ ಎಂದು ಸಣ್ಣಗೆ ಅನುಮಾನ ಬಂದಿತ್ತು.

ನಿಶ್ಚಿತಾರ್ಥಕ್ಕೆ ಮೂರು ದಿನ ಇರುವಾಗ ತಮ್ಮ ಊಟಕ್ಕೆ ಕೂತವನು ಸುಮ್ಮನೆ ಒಂದು ಮಾತು ಅಂದ. ಹುಡುಗಿ ಗುತ್ತೂರಿನ ಕಡೆ ಫ್ಯಾಕ್ಟರಿ ಆಫೀಸಿನಲ್ಲಿದ್ದಾಳೆ ಎಂದೇ ನಾವೆಲ್ಲ ತಿಳಿದಿದ್ದೆವು. ಅದನ್ನು ಬಿಟ್ಟು ಆರು ತಿಂಗಳಾಯಿತಂತೆ. ಈಗ ಹರಿಹರದಲ್ಲೇ ಮೊಬೈಲ್ ಅಂಗಡಿಯಲ್ಲಿ, ಕೌಂಟರಿನಲ್ಲಿ.

ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಗೊತ್ತಿದ್ದವರಿಗಷ್ಟೇ ಗೊತ್ತಾಗುವುದನ್ನು ಗೊತ್ತಿದ್ದವಳಿಗೇ ಕೊಡಲು ಹೊರಟಿದ್ದೆ. ಮಾರನೇ ದಿನ ಬಾಗಿಲು ತೆಗೆಯುವ ಹೊತ್ತಿಗೇ ಅಂಗಡಿಗೆ ಹೋದೆ. ಬಿಲ್ ಆದದ್ದು ವಾಪಸ್ಸಿಲ್ಲ ಎಂದರು. ಇನ್ನೊಂದು ಕೊಂಡರೂ ಅತ್ತಿಗೆಗೆ ಏನು ಹೇಳುವುದು? ಅವ್ವನಿಗೆ? ಎರಡು ದಿನ ಉಂಡದ್ದು ಮೈಗೆ ಹತ್ತಲಿಲ್ಲ. ಹುಡುಗಿ ಡಬ್ಬ ನೋಡಿ ಮುಖ ಸಿಂಡರಿಸುತ್ತಾಳೆ, ಅವರ ಕಡೆಯವರು ಎದ್ದು ಕೇಳುತ್ತಾರೆ, ತಮ್ಮನ ಮದುವೆ ನನ್ನಿಂದ ಮುರಿಯುತ್ತದೆ, ಇದೇ ಯೋಚನೆ. ತಮ್ಮನಿಗೂ ಹೇಳಲಿಲ್ಲ. ಹೇಳುವ ಧೈರ್ಯ ನನಗಿರಲಿಲ್ಲ.

ಹರಿಹರದ ಅವರ ಮನೆಯಲ್ಲಿ ಉಡಿ ತುಂಬಿದ್ದಾಯಿತು. ಅತ್ತಿಗೆ ನನ್ನ ಪಕ್ಕದಲ್ಲೇ ಕೂತು ತಮ್ಮದೇ ಫೋನಿನಿಂದ ಫೋಟೋ ತೆಗೆಯುತ್ತಿದ್ದರು. ಕೂತಲ್ಲಿಂದಲೇ ಹುಡುಗಿಯ ಮುಖವನ್ನು ಹತ್ತಿರಕ್ಕೆ ಎಳೆದು ಎಳೆದು ತೋರಿಸಿದಾಗ ಅವರ ಕೈಯನ್ನು ಮೆಲ್ಲಗೆ ಕೆಳಗಿಳಿಸಿದೆ. ಹುಡುಗಿಯ ಸೋದರತ್ತೆ ತಟ್ಟೆಯಿಂದ ಡಬ್ಬ ಎತ್ತಿ, "ದೊಡ್ಡದಾ ಇದು? ನೀನೇ ನೋಡಿ ಹೇಳವ್ವ, ನಿಂಗೇ ಗೊತ್ತಾಗೋದು" ಎಂದರು.

ಅವಳು ಡಬ್ಬವನ್ನು ತಿರುಗಿಸಲೂ ಇಲ್ಲ. ಒಂದು ಸಲ ಕಣ್ಣು ಹಾಯಿಸಿದಳು, ಅಷ್ಟೇ.

"ಈ ವರ್ಷದ್ದೇ ಅತ್ತಿ. ಚೆನ್ನಾಗೈತೆ."

ಹೋದ ಜೀವ ಬಂದಂತಾಯಿತು. ಊಟವಾದ ಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದೆ. ಅವಳು ತಂಬಿಗೆ ಹಿಡಿದು ನಿಂತಿದ್ದಳು, ಬೇರೆ ಯಾರೂ ಇರಲಿಲ್ಲ. ನನ್ನ ಕೈಗೆ ನೀರು ಹಾಕುತ್ತಾ ಕೇಳಿದಳು.

"ಅಕ್ಕಾರೆ, ಫೋನು ಆರಿಸಿದ್ದು ನೀವೇ ಏನ್ರಿ?"

ಹೌದು ಎಂದೆ.

"ನಮ್ಮಂಗಡಿಗೂ ಬರ್ತಾರ್ರಿ. ದೊಡ್ಡ ಸೊಸಿದು ಹಿಂಗೈತೆ, ಸಣ್ಣಾಕಿದು ಅದನ್ನ ದಾಟಬಾರ್ದು, ನೋಡಾಕೆ ಮಾತ್ರ ಚೆಂದ ಇರ್ಬೇಕು ಅಂತಾರೆ. ನಾನೇ ಈ ಮಾಡೆಲ್ ತೆಗೆದು ಕೊಡ್ತೀನಿ. ಈ ತಿಂಗಳು ಎಷ್ಟೋ ಕೊಟ್ಟೀನಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ಒಂದು ಮಾತು ಆಡಿ ಹಗುರಾಗುತ್ತಿದ್ದೆ. ಹಂಗಲ್ಲವ್ವ ಎಂದು ಶುರು ಮಾಡಿದೆ.

"ಇರ್ಲಿ ಬಿಡ್ರಿ. ತಗಂಡು ಹೋಗೋರ ಮಕ ದಿನಾ ನೋಡ್ತಿದ್ದೆ. ಅದು ಯಾರಿಗೆ ಹೋಗ್ತತೋ ಆಕಿ ಮಕ ನೋಡಿದ್ದಿಲ್ಲ" ಎಂದು ಸೆರಗಿನ ತುದಿಯನ್ನೇ ನನಗೆ ಕೈ ಒರೆಸಿಕೊಳ್ಳಲು ಕೊಟ್ಟಳು.

ಮದುವೆ ನಿಲ್ಲಲಿಲ್ಲ. ಈಗ ಅವಳು ಶಾಮನೂರಿನ ಮನೆಯಲ್ಲೇ ಇದ್ದಾಳೆ, ಅದೇ ಫೋನು ಬಳಸುತ್ತಾಳೆ. ಎರಡೂ ಸಮ ಎಂದೇ ಅವ್ವ ಇವತ್ತಿಗೂ ನಂಬಿದ್ದಾಳೆ. ತವರಿಗೆ ಹೋದಾಗಲೆಲ್ಲ ಬಾಗಿಲಿಗೆ ಬಂದು "ಬರ್ರಿ ಅಕ್ಕಾರೆ" ಎನ್ನುವವಳು ಅವಳೇ. ಅವಳನ್ನು ನೋಡುವ ಮೊದಲೇ ಮನೆಯೊಳಗೆ ಅವಳ ಜಾಗ ಗೊತ್ತುಮಾಡಿದವಳು ನಾನು. ಅದು ಅವಳಿಗೂ ಗೊತ್ತು. ಚಪ್ಪಲಿ ಬಿಡುವಾಗ ನಾನು ಇನ್ನೂ ಅವಳ ಮುಖ ನೋಡುವುದಿಲ್ಲ.