ಮೇಜಿನ ಪಕ್ಕದ ಮಂಚ

ಬೆನೆಡಿಕ್ಟಾ ಕರುಣೆಯಿಲ್ಲದ ಹೆಂಗಸು. ಇದನ್ನು ನಾನು ಬೆನ್ನ ಹಿಂದೆ ಹೇಳುತ್ತಿಲ್ಲ, ಅವಳ ಎದುರಿಗೇ ಒಮ್ಮೆ ಹೇಳಿದ್ದೆ. ಸಿರಿಂಜುಗಳನ್ನು ಕುದಿಯುವ ನೀರಿಗೆ ಹಾಕುತ್ತಿದ್ದವಳು ತಲೆ ಎತ್ತಲಿಲ್ಲ. "ಕರುಣೆಗೆ ಬೇಕಾದಷ್ಟು ಜನ ಉಂಟು ಡಾಕ್ಟ್ರೇ. ಇಲ್ಲಿ ಸಾಲದೆ ಇರುವುದು ನರ್ಸ್‌ಗಳು" ಎಂದಳು.

ಅವಳು ಕಾರ್ಕಳದ ಹತ್ತಿರದ ಒಂದು ಒಕ್ಕಲು ಮನೆಯ ಮಗಳು. ತಾಯಿಗೆ ಅವಳನ್ನು ಕಾನ್ವೆಂಟಿಗೆ ಸೇರಿಸುವ ಹರಕೆಯಿತ್ತು. ಮೊಣಕಾಲೂರಿ ಬೇಡುವ ಕೆಲಸ ತನ್ನಿಂದಾಗದೆಂದು ಅವಳು ನರ್ಸಿಂಗ್ ಕಲಿತಳು. ಮದುವೆಯಾಗಲಿಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಉಡುಪಿಯ ಒಂದು ಆಸ್ಪತ್ರೆಗೆ ಅರಿವಳಿಕೆ ಕೊಡುವ ವೈದ್ಯೆಯಾಗಿ ಬಂದಾಗ ಅವಳು ಅಲ್ಲಿನ ಶಸ್ತ್ರಚಿಕಿತ್ಸೆಯ ವಾರ್ಡಿಗೆ ಸಿಸ್ಟರ್, ಅಂದರೆ ಮುಖ್ಯ ನರ್ಸ್ ಆಗಿದ್ದಳು.

ಆ ವಾರ್ಡು ಎರಡೂ ಬದಿಗೆ ಮಂಚಗಳ ಸಾಲಿದ್ದ ಒಂದು ಉದ್ದನೆಯ ಹಾಲ್. ನಡುವೆ ಸಿಸ್ಟರಿನ ಮೇಜು. ಹೃದಯ ದುರ್ಬಲವಾದವರು, ಶ್ವಾಸದ ಕಾಯಿಲೆಯವರು, ವಯಸ್ಸಾದವರು, ಅಂದರೆ ಆಪರೇಷನ್ ಆದ ಮೇಲೆ ಉಳಿಯುವ ಭರವಸೆ ಕಡಿಮೆಯಿದ್ದವರನ್ನು ಮೇಜಿನ ಪಕ್ಕದ ಮಂಚಕ್ಕೆ ತರುತ್ತಿದ್ದೆವು. ಅಂಥವರಿಗಾಗಿ ಆಗ ನಮ್ಮಲ್ಲಿದ್ದ ಏರ್ಪಾಡು ಅಷ್ಟೇ. ಒಂದು ಆಕ್ಸಿಜನ್ ಸಿಲಿಂಡರ್, ರಕ್ತದೊತ್ತಡ ನೋಡುವ ಉಪಕರಣ, ನಾಡಿಯ ಮೇಲೆ ನರ್ಸಿನ ಬೆರಳು. ಉಳಿದದ್ದೆಲ್ಲ ಮನೆಯವರ ಕೈಯಲ್ಲಿತ್ತು. ಬೀಸಣಿಗೆ ಬೀಸುವುದು, ಮೈ ಒರೆಸುವುದು, ಡ್ರಿಪ್ ಬಾಟಲಿ ಮುಗಿಯುವಾಗ ಕೂಗುವುದು ಎಲ್ಲ ಅವರದೇ ಕೆಲಸ.

ಆದರೆ ಮನೆಯವರು ಕಣ್ಣಿಗೆ ಕಂಡದ್ದನ್ನು ನಂಬಿದರು. ಆ ಮಂಚಕ್ಕೆ ಹೋದವರಲ್ಲಿ ಅನೇಕರು ಹಿಂದಿರುಗುತ್ತಿರಲಿಲ್ಲ. ರೋಗ ಹೆಚ್ಚಾದ್ದರಿಂದ ಅಲ್ಲಿ ಮಲಗಿಸುತ್ತಾರೆಂದು ಯಾರೂ ಎಣಿಸಲಿಲ್ಲ. ಅಲ್ಲಿ ಮಲಗಿಸಿದ್ದರಿಂದಲೇ ಸಾಯುತ್ತಾರೆ ಎಂಬುದು ಸಂತೆಕಟ್ಟೆಯಿಂದ ಹೆಜಮಾಡಿಯವರೆಗೂ ಹಬ್ಬಿದ ಮಾತಾಗಿತ್ತು. "ಸಿಸ್ಟರ್, ಬೇಕಾದರೆ ನೆಲದಲ್ಲಿ ಮಲಗಿಸಿ, ಅಲ್ಲಿಗೆ ಮಾತ್ರ ಬೇಡ" ಎಂದು ಕಾಲು ಹಿಡಿಯುತ್ತಿದ್ದರು.

ಕಾಪುವಿನ ಚೆನ್ನಪ್ಪ ದೋಣಿಯಲ್ಲಿ ಬಲೆ ಎಳೆಯುವ ಮನುಷ್ಯ. ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡು ಕಪ್ಪಾದ ಮೇಲೆ ಬಂದ. ಬೀಡಿ ಸೇದಿ ಸೇದಿ ಎದೆ ಕೆಟ್ಟಿತ್ತು. ಅರಿವಳಿಕೆಗೆ ನಾನೇ ಈಥರ್ ಕೊಟ್ಟೆ. ಆಪರೇಷನ್ ಮುಗಿಯುವವರೆಗೂ ಅವನು ಬದುಕಿದ್ದೇ ನನಗೆ ಆಶ್ಚರ್ಯವಾಗಿತ್ತು. ಮಧ್ಯಾಹ್ನ ಅವನನ್ನು ಮೇಜಿನ ಪಕ್ಕದ ಮಂಚದ ಮೇಲೆ ತಲೆಯನ್ನು ಒಂದು ಬದಿಗೆ ತಿರುಗಿಸಿ ಮಲಗಿಸಿದರು. ಬಾಯಿಗೆ ಏನೂ ಕೊಡಬಾರದೆಂದು ಬೆನೆಡಿಕ್ಟಾ ಅವನ ಹೆಂಡತಿ ಅಕ್ಕುವಿಗೆ ಹೇಳಿ, ವಾರ್ಡಿನ ಇನ್ನೊಂದು ತುದಿಯಲ್ಲಿ ರಕ್ತ ಸೋರುತ್ತಿದ್ದ ಗಾಯವನ್ನು ಕಟ್ಟಲು ಹೋದಳು.

ಪಕ್ಕದ ಮಂಚದವರು ಅಕ್ಕುವಿಗೆ ಆ ಜಾಗದ ಕಥೆ ಹೇಳಿದರು. ಗಂಡನಿಗೆ ಇನ್ನು ಉಳಿಗಾಲವಿಲ್ಲವೆಂದು ಅವಳು ತಿಳಿದಳು. ಬಾಯಾರಿ ಸತ್ತವನು ನೀರಿಗಾಗಿ ಮನೆಯ ಸುತ್ತ ಅಲೆಯುತ್ತಾನೆ ಎಂದು ಅವರ ಕಡೆ ನಂಬಿಕೆ. ಊರಿನ ಭಜನಾ ಮಂದಿರದಿಂದ ತಂದಿದ್ದ ತೀರ್ಥ ಸೆರಗಿನ ಮರೆಯ ಶೀಶೆಯಲ್ಲಿತ್ತು. ಅವನ ಮುಖವನ್ನು ಮೇಲಕ್ಕೆ ತಿರುಗಿಸಿ, ದೇವರ ಹೆಸರು ಹೇಳಿ, ಅದನ್ನು ಬಾಯಿಗೆ ಬಿಟ್ಟಳು. ಪೂರ್ತಿ ಎಚ್ಚರವಿಲ್ಲದ ಮನುಷ್ಯನಿಗೆ ನುಂಗಲು ಬಾರದು. ನೀರು ಶ್ವಾಸಕೋಶಕ್ಕೆ ಇಳಿಯಿತು. ಗಂಟಲಿನ ಗುಳುಗುಳು ಸದ್ದು ಕೇಳಿ ಬೆನೆಡಿಕ್ಟಾ ಓಡಿ ಬಂದಳು, ನಾನೂ ಬಂದೆ. ಪಂಪಿನಿಂದ ನೀರನ್ನು ಹೊರಗೆ ಎಳೆದೆವು. ಪ್ರಯೋಜನವಾಗಲಿಲ್ಲ.

ಅಕ್ಕು ಎದೆ ಬಡಿದುಕೊಂಡು ಕೂಗಿದಳು: "ಈ ಮಂಚಕ್ಕೆ ಹಾಕಿ ಕೊಂದಳು! ನನ್ನ ಕೈಯ ನೀರಾದರೂ ಕುಡಿದು ಹೋದರಲ್ಲ ದೇವರೇ!"

ಹೆಣ ಹೊರಗೆ ಹೋದ ಮೇಲೆ ನಾನು ಬೆನೆಡಿಕ್ಟಾಗೆ, "ಏನಾಯಿತೆಂದು ಆ ಹೆಂಗಸಿಗೆ ತಿಳಿಸಬೇಕಿತ್ತು. ಉಳಿದವರಾದರೂ ಕಲಿಯುತ್ತಿದ್ದರು" ಎಂದೆ. ಅವಳು ಒದ್ದೆಯಾದ ದಿಂಬಿನ ಚೀಲವನ್ನು ತೆಗೆಯುತ್ತಿದ್ದಳು. ಮರುದಿನದಿಂದ ವಾರ್ಡಿನ ಬಾಗಿಲು ಮುಚ್ಚಿದಳು. ಸಂಜೆ ಸ್ವಲ್ಪ ಹೊತ್ತು ಬಿಟ್ಟರೆ ತಾಯಿಗೂ ಪ್ರವೇಶವಿಲ್ಲ, ಹೆಂಡತಿಗೂ ಇಲ್ಲ. ಬೀಸಣಿಗೆ ಬೀಸುವ ಕೈಗಳು ಇಲ್ಲವಾಗಿ ಕೆಲಸ ಇಮ್ಮಡಿಯಾಯಿತು. ನರ್ಸ್‌ಗಳು ಗೊಣಗಿದರು, ಸರ್ಜನ್ ಸರ್ವೋತ್ತಮರು ಜಗಳವಾಡಿದರು. ಅವಳು ಬಗ್ಗಲಿಲ್ಲ. ಆಸ್ಪತ್ರೆಯ ಜೀಪು ಓಡಿಸುತ್ತಿದ್ದ ಲಿಗೋರಿ, "ಬೆನೆಡಿಕ್ಟಾ ಸಿಸ್ಟರ್ ಸ್ವರ್ಗಕ್ಕೆ ಹೋದರೆ ಅಲ್ಲಿ ದೇವರಿಗೂ ವಿಸಿಟಿಂಗ್ ಟೈಮ್ ಇಡ್ತಾಳೆ ಮಾರಾಯ್ರೆ" ಎಂದು ನಗಿಸುತ್ತಿದ್ದ. ನಾನು ಅವಳಿಗೆ ಕರುಣೆಯಿಲ್ಲ ಎಂದದ್ದು ಆ ದಿನಗಳಲ್ಲಿ.

ಒಂದು ಸಂಗತಿಯನ್ನು ಮಾತ್ರ ನಾನು ಗಮನಿಸಿದ್ದೆ. ಯಾರಾದರೂ ಚೊಂಬೆತ್ತಿ ಗಟಗಟ ನೀರು ಕುಡಿದರೆ ಅವಳು ಮಾತು ನಿಲ್ಲಿಸಿ ಆ ಕಡೆ ತಿರುಗುತ್ತಿದ್ದಳು. ವಾರ್ಡಿನ ಯಾವ ಮೂಲೆಯಲ್ಲಿದ್ದರೂ ತಿರುಗುತ್ತಿದ್ದಳು. ಆಕ್ಸಿಜನ್ ಕೊಡುವಾಗ ಅದು ನೀರಿನ ಬಾಟಲಿಯೊಳಗಿಂದ ಗುಳ್ಳೆಯೇಳುತ್ತಾ ಬರುತ್ತದೆ. ಆ ಸದ್ದು ಕೇಳಿದಾಗ ಬಾಟಲಿಯನ್ನು ನೋಡುವುದು ಬಿಟ್ಟು ರೋಗಿಯ ಬಾಯಿಯನ್ನು ನೋಡುತ್ತಿದ್ದಳು. ಮೇಜಿನ ಪಕ್ಕದ ಮಂಚ ಖಾಲಿಯಿದ್ದಾಗಲೂ ಅವಳ ಕುರ್ಚಿ ಅದರ ಕಡೆಗೇ ಮುಖ ಮಾಡಿರುತ್ತಿತ್ತು.

ಎಂಬತ್ತರ ದಶಕ ಬಂತು. ಮಣಿಪಾಲದಲ್ಲಿ ತೀವ್ರ ನಿಗಾ ಘಟಕದ ಕೆಲಸ ಕಲಿಯಲು ಆಸ್ಪತ್ರೆಯವರು ಅವಳನ್ನು ಕಳುಹಿಸಿದರು. ತಲೆ ನರೆತ ಮೇಲೆ, ತನ್ನ ಅರ್ಧ ವಯಸ್ಸಿನ ಹುಡುಗಿಯರ ಜೊತೆ ಬೆಂಚಿನಲ್ಲಿ ಕೂತು ಕಲಿತು ಬಂದಳು. ನಮ್ಮಲ್ಲೂ ಅಂಥದೊಂದು ಕೋಣೆಯಾಯಿತು. ಹಸಿರು ಗೆರೆ ಓಡುವ ಪರದೆಗಳು, ಉಸಿರಾಟದ ಯಂತ್ರ, ಪ್ರತಿ ಮಂಚಕ್ಕೂ ಆಕ್ಸಿಜನ್. ಕೆಲಸದ ರೀತಿಯೇ ಬದಲಾಯಿತು. ಯಾರಿಗೆ ಅಪಾಯ ಹೆಚ್ಚು ಎಂಬುದನ್ನು ಆಪರೇಷನ್ನಿಗೆ ಮೊದಲೇ ಗುರುತಿಸಿ, ಹೃದಯ ಪರೀಕ್ಷಿಸಿ, ನಂತರ ನೇರವಾಗಿ ಈ ಕೋಣೆಗೆ ತರುತ್ತಿದ್ದೆವು. ಮೊದಲಾದರೆ ನಾವು ಮುಟ್ಟಲು ಹೆದರುತ್ತಿದ್ದವರು ಈಗ ನಡೆದುಕೊಂಡು ಮನೆಗೆ ಹೋಗತೊಡಗಿದರು. ದಿನವಿಡೀ ಎಲ್ಲ ಬಾಟಲಿಗಳೂ ಒಟ್ಟಿಗೆ ಗುಳುಗುಟ್ಟುವ ಆ ಕೋಣೆಯನ್ನು ಬೆನೆಡಿಕ್ಟಾ ತಾನೇ ಕೇಳಿ ತೆಗೆದುಕೊಂಡಳು.

ಬಾಗಿಲಿಗೆ ಗಾಜು. ಮನೆಯವರು ಅದರ ಹೊರಗೆ. ಒಳಗೆ ಏನಾಗುತ್ತಿದೆಯೆಂದು ತಿಳಿಯದವರು ಹಳೆಯ ಮಾತನ್ನೇ ತಂದು ಈ ಕೋಣೆಗೆ ಅಂಟಿಸಿದರು.

ಅಂಥ ಒಂದು ದಿನ ಅಕ್ಕು ಮತ್ತೆ ಬಂದಳು. ವರ್ಷಗಟ್ಟಲೆ ಮೀನಿನ ಬುಟ್ಟಿ ಹೊತ್ತು ಕತ್ತು ಕುಗ್ಗಿತ್ತು. ಈ ಸಲ ಮಗಳು ಸುಗಂಧಿಯನ್ನು ಕರೆತಂದಿದ್ದಳು. ಕರುಳು ತಿರುಚಿಕೊಂಡು ಹೊಟ್ಟೆ ಉಬ್ಬಿ ಪ್ರಜ್ಞೆ ಮಸುಕಾಗಿತ್ತು. ಸಾಲದ್ದಕ್ಕೆ, ಬಾಲ್ಯದ ಜ್ವರದಿಂದ ಅವಳ ಹೃದಯದ ಕವಾಟ ಕಿರಿದಾಗಿತ್ತು. ಗಂಡ ಆಳಸಮುದ್ರದ ಬೋಟಿನಲ್ಲಿದ್ದ. ಒಪ್ಪಿಗೆ ಕೊಡಬೇಕಾದವಳು ತಾಯಿ.

"ಆಪರೇಷನ್ ಮಾಡಿ. ಆದರೆ ಆ ಗಾಜಿನ ಕೋಣೆಗೆ ಕೊಡುವುದಿಲ್ಲ. ವಾರ್ಡಿನಲ್ಲಿ ನಾನು ನೋಡಿಕೊಳ್ಳುತ್ತೇನೆ" ಎಂದಳು ಅಕ್ಕು.

ಆ ಹೃದಯವನ್ನು ಇಟ್ಟುಕೊಂಡು ಅವಳನ್ನು ವಾರ್ಡಿನಲ್ಲಿ ಮಲಗಿಸುವುದಾದರೆ ಆಪರೇಷನ್ ಮಾಡುವುದೂ ಕೊಲ್ಲುವುದೂ ಒಂದೇ ಎಂದು ಸರ್ವೋತ್ತಮರು ವಿವರಿಸಿದರು. ಮಣಿಪಾಲಕ್ಕೆ ಕಳುಹಿಸಿದರೂ ಅಲ್ಲಿಯೂ ಅದೇ ಗಾಜಿನ ಬಾಗಿಲು. ಅಕ್ಕು ಬೆಂಚಿನಿಂದ ಕದಲಲಿಲ್ಲ. ಸುಗಂಧಿಯ ನಾಡಿ ಇಳಿಯುತ್ತಿತ್ತು.

ಸರ್ವೋತ್ತಮರು ಬೆನೆಡಿಕ್ಟಾಳನ್ನು ಪಕ್ಕಕ್ಕೆ ಕರೆದರು. "ಆ ನೀರಿನ ವಿಷಯ ಈಗಲಾದರೂ ಹೇಳಿಬಿಡು. ಕೊಂದದ್ದು ಮಂಚವಲ್ಲ ಎಂದು ಗೊತ್ತಾದರೆ ಒಪ್ಪುತ್ತಾಳೆ."

ಅವಳು ಹೋಗಿ ಅಕ್ಕುವಿನ ಎದುರು ನಿಂತಳು. ನಾನು ಹಿಂದೆಯೇ ಇದ್ದೆ.

"ನನ್ನ ಗುರ್ತ ಉಂಟಾ?"

"ಮರೆಯುವ ಮುಖವಾ ಅದು? ಗಂಡನನ್ನು ತಿಂದಾಯಿತು, ಈಗ ಮಗಳನ್ನೂ ಕೇಳ್ಲಿಕ್ಕೆ ಬಂದದ್ದಾ?"

"ಹೌದು, ಕೇಳ್ಲಿಕ್ಕೇ ಬಂದದ್ದು."

"ಒಳಗೆ ಅವಳಿಗೆ ಬಾಯಾರಿದರೆ ಕೊಡುವವರು ಯಾರು? ಇವಳ ಅಪ್ಪನಿಗಾದರೂ ಕೊನೆಗೆ ನನ್ನ ಕೈಯ ನೀರು ಸಿಕ್ಕಿತು. ಅದೊಂದು ಸಮಾಧಾನದಲ್ಲೇ ನಾನು ಇಷ್ಟು ವರ್ಷ ಬುಟ್ಟಿ ಹೊತ್ತದ್ದು, ಗೊತ್ತುಂಟಾ ನಿಮಗೆ?"

ಈಗ ಹೇಳುತ್ತಾಳೆಂದು ನಾನು ಕಾದೆ.

"ನಿಮ್ಮ ಗಂಡ ಸತ್ತದ್ದು ನನ್ನ ತಪ್ಪಿನಿಂದ" ಎಂದಳು ಬೆನೆಡಿಕ್ಟಾ. "ಅವರಿಗೆ ಉಸಿರು ಕಟ್ಟಿತ್ತು. ನಾನು ಬೇರೆ ಮಂಚದ ಹತ್ತಿರ ಇದ್ದೆ, ನೋಡಲಿಲ್ಲ. ಈ ಕೋಣೆಯಲ್ಲಿ ಹಾಗೆ ಬಿಟ್ಟು ಹೋಗ್ಲಿಕ್ಕೆ ಇಲ್ಲ. ಯಾವಾಗಲೂ ಒಬ್ಬಳು ಪಕ್ಕದಲ್ಲೇ ಕೂರುತ್ತಾಳೆ. ಇವತ್ತು ನಾನೇ ಕೂರುತ್ತೇನೆ."

ಅಕ್ಕು ಎದ್ದು ನಿಂತಳು. ಕೆನ್ನೆಗೆ ಹೊಡೆಯುತ್ತಾಳೆಂದು ನನಗೆ ಅನಿಸಿತು.

"ನಿನ್ನ ಕೈಗೆ ಹುಳ ಬೀಳಲಿ!"

"ಬೀಳಲಿ. ಮಗಳನ್ನು ಕೊಡಿ."

ಅಕ್ಕು ಆ ಮುಖವನ್ನೇ ನೋಡಿದಳು. ತಪ್ಪು ಒಪ್ಪಿಕೊಳ್ಳುವ ಆಸ್ಪತ್ರೆಯವರನ್ನು ಅವಳು ಅದಕ್ಕೆ ಮೊದಲು ಕಂಡಿರಲಿಕ್ಕಿಲ್ಲ. ಕೊನೆಗೆ ಹೆಬ್ಬೆಟ್ಟು ಒತ್ತಿದಳು.

ಆಪರೇಷನ್ ನಡೆಯುವಾಗ ಸುಗಂಧಿಯ ಹೃದಯ ಎರಡು ಸಲ ಲಯ ತಪ್ಪಿತು. ಹೊಟ್ಟೆ ಹೊಲಿದು ಗಾಜಿನ ಕೋಣೆಗೆ ತಂದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬತೊಡಗಿತು. ಆ ಕೋಣೆ ಇಲ್ಲದಿದ್ದರೆ ಅದನ್ನು ಹೊತ್ತಿಗೆ ಸರಿಯಾಗಿ ಯಾರೂ ಕಾಣುತ್ತಿರಲಿಲ್ಲ. ಯಂತ್ರ ಅವಳ ಪರವಾಗಿ ಉಸಿರಾಡಿತು. ಬೆನೆಡಿಕ್ಟಾ ಪಾಳಿ ಮುಗಿದ ಮೇಲೂ ಕೂತಿದ್ದಳು. ಗಾಜಿನ ಆಚೆ ಅಕ್ಕು ಕೂತಿದ್ದಳು. ಇಬ್ಬರ ನೋಟವೂ ಆ ಹುಡುಗಿಯ ಬಾಯಿಯ ಮೇಲೆ ನೆಟ್ಟಿತ್ತು. ಕೆಲವು ದಿನಗಳಲ್ಲಿ ಅವಳ ಗಂಟಲಿನ ನಳಿಗೆ ತೆಗೆದೆವು. ಸುಗಂಧಿ ಮೊದಲು ಕೆಮ್ಮಿದಳು, ಆಮೇಲೆ ಅಮ್ಮನನ್ನು ಕೇಳಿದಳು.

ಮನೆಗೆ ಹೋಗುವ ದಿನ ಕಾಪುವಿನಿಂದ ನೆಂಟರು ಬಂದಿದ್ದರು. ಅಕ್ಕು ಮಗಳನ್ನು ಅವರ ಕೈಗೆ ಒಪ್ಪಿಸಿ ಹಿಂದಿರುಗಿದಳು. ಓಡಾಡುವ ಜನ, ಕಲಿಯುವ ನರ್ಸ್ ಹುಡುಗಿಯರು ಎಲ್ಲರೂ ಕೇಳುವಂತೆ ಬೆನೆಡಿಕ್ಟಾಳ ಕಡೆ ಕೈ ತೋರಿಸಿ ಕೂಗಿದಳು.

"ಇವಳೇ! ನನ್ನ ಗಂಡನನ್ನು ಉಸಿರು ಕಟ್ಟಿ ಸಾಯಲು ಬಿಟ್ಟವಳು! ತನ್ನ ಬಾಯಿಂದಲೇ ಹೇಳಿದ್ದಾಳೆ, ಬೇಕಾದರೆ ಕೇಳಿ!"

ಹುಡುಗಿಯರು ತಮ್ಮ ಸಿಸ್ಟರಿನ ಮುಖ ನೋಡಿದರು. ಸರ್ವೋತ್ತಮರಿಗೆ ಸಹಿಸಲಾಗಲಿಲ್ಲ. "ಏ ಹೆಂಗಸೇ, ನಿಜ ಏನೆಂದು ಗೊತ್ತುಂಟಾ ನಿನಗೆ" ಎನ್ನುತ್ತಾ ಮುಂದೆ ಬಂದರು.

ಬೆನೆಡಿಕ್ಟಾ ಅವರ ಕೋಟಿನ ತೋಳನ್ನು ಹಿಡಿದಳು. ಸಿಸ್ಟರ್ ಒಬ್ಬಳು ಸರ್ಜನ್ನರನ್ನು ಹಾಗೆ ಹಿಡಿಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಅಕ್ಕು ಬೈದು ಮುಗಿಸುವವರೆಗೂ ಅವಳು ಆ ತೋಳನ್ನು ಬಿಡಲಿಲ್ಲ.