ಅರ್ಧ ಕೊಯ್ದ ಕೀಬೋರ್ಡು

ನನ್ನ ಮಗಳು ವಿಜಯನಗರದಲ್ಲಿ ಟೈಪಿಂಗ್ ಅಂಗಡಿ ಇಟ್ಟಿದ್ದಾಳೆ. ಬಾಡಿಗೆ ಕರಾರು, ಲಗ್ನಪತ್ರಿಕೆ, ತಿಥಿ ಕಾರ್ಡು, ಯಾರದೋ ಮೇಲೆ ಯಾರೋ ಕೊಡೋ ದೂರು, ಎಲ್ಲಾ ಅವಳ ಕೈಯಲ್ಲೇ ಹುಟ್ಟಬೇಕು. ನಾನು, ಅವಳು, ಅವಳ ಮಗಳು, ಮೂವರೂ ಉಣ್ಣೋದು ಆ ಕೈಯಿಂದಲೇ. ಹೋದ ವರ್ಷ ಆ ಬಲಗೈ ಭುಜ ಹಿಡ್ಕೊಂಡುಬಿಡ್ತು. ತಲೆ ಬಾಚೋಕೆ ಕೈ ಏಳ್ತಿರಲಿಲ್ಲ. ರವಿಕೆ ತೊಡಿಸೋಕೆ ನಾನೇ ಬೇಕು. ಈ ವಯಸ್ಸಲ್ಲಿ ಮತ್ತೆ ಮಗಳಿಗೆ ಬಟ್ಟೆ ಹಾಕೋ ಭಾಗ್ಯ ಎಷ್ಟು ಜನಕ್ಕೆ ಸಿಗತ್ತೆ?

ಡಾಕ್ಟರು ನೋಡಿದರು. ದಿನಾ ಮೌಸಿಗೆ ಕೈ ಚಾಚಿ ಚಾಚಿ ಹೀಗಾಗಿದೆ, ಅದನ್ನ ಹತ್ತಿರ ಇಟ್ಟುಕೊಳ್ಳಿ, ಇಲ್ಲಾಂದ್ರೆ ಅಂಗಡಿ ಮುಚ್ಚಿ ಅಂದರು. ಇಷ್ಟು ಹೇಳೋಕೆ ಅಷ್ಟು ವರ್ಷ ಓದಿದ್ದಾರೆ ಪಾಪ.

ಹತ್ತಿರ ಹೇಗೆ ತರೋದು? ನಡುವೆ ಕೀಬೋರ್ಡು ಮಲಗಿದೆಯಲ್ಲ. ಮಗಳದ್ದು ಹಳೇ ಕಾಲದ್ದು. ಒಂದೊಂದು ಕೀ ಕೆಳಗೂ ಒಂದೊಂದು ಸ್ಪ್ರಿಂಗು, ಒತ್ತಿದರೆ ಟಕ್ ಅನ್ನತ್ತೆ. ಬಲಗಡೆ ಕೊನೇಲಿ ಅಂಕಿಗಳದ್ದೇ ಒಂದು ಪಟ್ಟಿ, ಅಂಗೈ ಅಗಲ. ಅದರಾಚೆಗೆ ಮೌಸು.

ಮೊದಲು ಅಂಗಡಿಯಿಂದ ಹೊಸಾ ಚಿಕ್ಕ ಕೀಬೋರ್ಡು ತಂದ್ವಿ. ಹಪ್ಪಳದ ಹಾಗೆ ತೆಳ್ಳಗೆ, ಸದ್ದೇ ಇಲ್ಲ. ನನ್ನ ಮಗಳು ಟೈಪ್ ಮಾಡೋದು ಕಿವಿಯಲ್ಲಿ. ಟಕ್ ಅಂದ್ರೆ ಅಕ್ಷರ ಬಿತ್ತು ಅಂತ ಅರ್ಥ. ಆ ಮೂಗಿಯ ಮೇಲೆ ಹೊಡೆದ ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರೇ ಹಾರಿಹೋಯ್ತು. ಆ ಮಾವ ಮದುವೆಗಿಂತ ಮೊದಲು ನಮ್ಮ ಅಂಗಡಿಗೆ ಬಂದ.

ಆಗ ಮೊಮ್ಮಗಳು ಬಾಯಿ ಬಿಟ್ಟಳು. ಅವಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡ್ತಿದ್ದಾಳೆ. ಕೀಬೋರ್ಡು ಅಂದ್ರೆ ಊಟ ಬಿಡ್ತಾಳೆ.

"ಹಳೇ ಟಕಟಕ ಕೀಬೋರ್ಡೇ ತಗೊಂಡು ಅಂಕಿ ಪಟ್ಟಿ ಕೊಯ್ದು ಚಿಕ್ಕದು ಮಾಡ್ತೀನಿ. ಸದ್ದೂ ಇರತ್ತೆ, ಮೌಸೂ ಹತ್ತಿರ ಬರತ್ತೆ."

"ನಂದನ್ನ ಮುಟ್ಟಿದ್ರೆ ಕೈ ಮುರೀತೀನಿ," ಅಂದಳು ಮಗಳು.

"ಯಾವ ಕೈಲಿ ಮುರೀತೀಯೇ?" ಅಂದೆ ನಾನು.

ಹಾಗಾಗಿ ಬೇರೆದು ಹುಡುಕೋಕೆ ನಾನೂ ಮೊಮ್ಮಗಳೂ ಹೆಗ್ಗನಹಳ್ಳಿಯ ಗುಜರಿ ಅಂಗಡಿಗೆ ಹೋದ್ವಿ. ಸಾಮಾನು ಆರಿಸೋದು ನನಗೆ ಗೊತ್ತು, ತರಕಾರಿ ತಂದ ಕೈ ಇದು. ಆ ಅಂಗಡಿಯಲ್ಲಿ ಟಕಟಕ ಅನ್ನೋವು ಎರಡೇ ಇದ್ವು. ಒಂದು ಆನೆದಂತದ ಬಣ್ಣದ್ದು, ತೂಕವಾಗಿ, ಲಕ್ಷಣವಾಗಿತ್ತು.

"ಫಾರಿನ್ ಮಾಲು ಅಜ್ಜಿ," ಅಂದ ಗುಜರಿಯವನು. "ಆಡಿಟರ್ ಆಫೀಸಿಂದ ಬಂದಿರೋದು. ದೇವರಂಥ ಮನುಷ್ಯ."

ಇನ್ನೊಂದು ಯಾವುದೋ ಕಾರ್ಖಾನೆಯ ಸ್ಟೋರ್ಸಿಂದ ಬಂದಿದ್ದು. ಅಂಕಿ ಪಟ್ಟಿಯ ಮೇಲೆಲ್ಲಾ ಗ್ರೀಸು, ಅಲ್ಲೇ ಎರಡು ಮೂರು ಕೀ ಒಡೆದಿದ್ವು, ಉಳಿದ ಅಂಕಿಗಳು ಸವೆದು ನುಣ್ಣಗಾಗಿದ್ವು. ನಾನು ಅದರ ಕಡೆ ತಿರುಗಿಯೂ ನೋಡಲಿಲ್ಲ. ದಂತದ ಬಣ್ಣದ್ದನ್ನ ಬೋರಲು ಹಾಕಿ ತಟ್ಟಿದೆ. ನಾಲ್ಕು ಕಾಳು ಅಕ್ಷತೆ ಉದುರಿತು.

ಮೊಮ್ಮಗಳು ಕೀ ಒಂದೊಂದೇ ಮೀಟಿ ತೆಗೆದಳು. ಒಳಗೆ ಕುಂಕುಮ, ಅರಿಶಿನ, ಒಣಗಿದ ಗಂಧ, ಎಲ್ಲಾ ಸೇರಿ ಇಟ್ಟಿಗೆ ಆಗಿತ್ತು. ಆ ಪುಣ್ಯಾತ್ಮ ಪ್ರತಿ ಆಯುಧಪೂಜೆಗೂ ಒಂದು ಕೀ ಬಿಡದೆ ಬೊಟ್ಟಿಟ್ಟಿದ್ದಾನೆ. ಮೇಲೆ ತೀರ್ಥ ಬೇರೆ. ನಮ್ಮ ಕಡೆ ಲೇತ್ ಮಿಷಿನ್ನಿಗೂ ಇಡ್ತಾರೆ, ಆಟೋಗೂ ಇಡ್ತಾರೆ, ತಕ್ಕಡಿಗೂ ಇಡ್ತಾರೆ, ಅವು ತಡ್ಕೊಳ್ತವೆ. ಸ್ಪ್ರಿಂಗು ತಡ್ಕೊಳ್ಳತ್ತಾ? ಅರ್ಧ ಕೀ ಒತ್ತಿದರೆ ಕೆಳಗೇ ಹೋಗದು, ಉಳಿದರ್ಧ ಹೋದದ್ದು ಮೇಲಕ್ಕೆ ಬರದು.

"ಭಕ್ತಿಯಲ್ಲೇ ಕೊಂದಿದ್ದಾನೆ," ಅಂದಳು ಮೊಮ್ಮಗಳು.

ಆಮೇಲೆ ಆ ಕೊಳಕಿನದ್ದನ್ನ ಎತ್ತಿಕೊಂಡಳು. ಅದಕ್ಕೂ ಪೂಜೆ ಆಗಿತ್ತು, ಆದರೆ ಅಂಕಿ ಪಟ್ಟಿಗೆ ಮಾತ್ರ. ಸ್ಟೋರ್ಸಿನವನಿಗೆ ಲೆಕ್ಕ ಬಿಟ್ಟು ಬೇರೇನೂ ಕೆಲಸ ಇರಲಿಲ್ಲ ಅಂತ ಕಾಣತ್ತೆ. ಅನ್ನ ಕೊಡೋ ಕಡೆಗೆ ಮಾತ್ರ ಬೊಟ್ಟು. ಅಕ್ಷರಗಳನ್ನ ದೇವರೂ ಮುಟ್ಟಿಲ್ಲ, ಅವನೂ ಮುಟ್ಟಿಲ್ಲ. ಒತ್ತಿದರೆ ಒಂದೊಂದೂ ಟಕ್ ಟಕ್.

"ಇದೇ ತಗೋಳೋಣ ಅಜ್ಜಿ."

"ಹುಳ ಬಿದ್ದ ಬದನೆಕಾಯಿ ಯಾರಾದ್ರೂ ಆರಿಸ್ಕೊಂಡು ಬರ್ತಾರೇನೇ?"

"ಹುಳ ಇರೋ ಕಡೆನೇ ತಾನೇ ನಾನು ಕೊಯ್ದು ಬಿಸಾಕೋದು?"

ನಾನು ಸೆರಗಿನ ಗಂಟು ಬಿಚ್ಚಿ ದುಡ್ಡು ತೆಗೆದೆ. ಗುಜರಿಯವನಿಗೆ ಸಮಾಧಾನವಾಗಲಿಲ್ಲ.

"ಮೇಡಂ, ಅದನ್ನ ಕೊಯ್ದ್ರೆ ನಂಬರ್ ಎಲ್ಲಿಂದ ಹೊಡೀತೀರ?"

"ಮೇಲಿನ ಸಾಲಲ್ಲೂ ಇದೆಯಲ್ಲ ಅಣ್ಣ."

"ಮತ್ತೆ ಎರಡೆರಡು ಕಡೆ ಯಾಕೆ ಇಟ್ಟಿದಾರೆ?"

ಅದಕ್ಕೆ ಅವಳು ಏನೋ ಹೇಳಿದಳು, ಅವನಿಗೂ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ.

ಮನೆಯಲ್ಲಿ ಬಾಲ್ಕನಿಯಲ್ಲಿ ಗರಗಸ ಹಿಡಿದು ಕೂತಳು. ಕೀಬೋರ್ಡಿನ ಇನ್ನೊಂದು ತುದಿ ಹಿಡ್ಕೊಳ್ಳೋ ಕೆಲಸ ನನ್ನದು. ಒಳಗಿನ ತಗಡು ಕೊಯ್ಯುವಾಗ ಬಂದ ಸದ್ದಿಗೆ ಪಕ್ಕದ ಮನೆಯಾಕೆ ಬಂದು, ಯಾರದು ಈ ಕಿರುಚಾಟ ಅಂತ ಕೇಳಿದಳು. ಕೀಬೋರ್ಡಿಂದು ಅಂದೆ. ಕೊಯ್ದ ಮೇಲೆ ಒಳಗೆ ಕರೆಂಟು ಹರಿಯೋ ದಾರಿಗಳೆಲ್ಲಾ ತುಂಡಾಗಿದ್ವು. ಅವಕ್ಕೆಲ್ಲಾ ಹೊಸ ತಂತಿ ಬೆಸೆದಳು. ಹಿಂದೆ ತಿರುಗಿಸಿ ನೋಡಿದರೆ ಹೊಲಿಗೆ ಕಲಿಯೋಳು ಹೊಲಿದ ರವಿಕೆ ಥರ ಇತ್ತು. ಆದರೆ ಎಲ್ಲಾ ಅಕ್ಷರವೂ ಬಂತು. ಪುಟ್ಟದಾಗಿ, ಬಲಗಡೆ ಮಾತ್ರ ರಸ್ತೆ ಅಗಲ ಮಾಡೋಕೆ ಗೋಡೆ ಒಡೆದ ಮನೆ ಥರ ಕೂತಿತ್ತು.

ಅಂಗಡಿಗೆ ಒಯ್ದು ಇಟ್ವಿ. ಮೊದಲ ಗಿರಾಕಿ ಬಾಡಿಗೆ ಕರಾರಿಗೆ ಬಂದವನು. ಅಕ್ಷರ ಮಳೆ ಸುರಿದ ಹಾಗೆ ಬಿತ್ತು. ಅಂಕಿ ಬಂದಾಗ ಮಗಳ ಕೈ ಬಲಗಡೆ ಹೋಗಿ ಮೌಸಿಗೆ ಬಡಿಯಿತು. ಪರದೆ ಮೇಲೆ ಕರಾರೇ ಮಾಯ.

"ಅನ್ನದ ತಟ್ಟೇನೇ ಕೊಯ್ದುಬಿಟ್ಟಳು!" ಅಂದಳು.

"ಪಕ್ಕದ ಅಂಗಡೀಲಿ ಬೇಗ ಆಗತ್ತೇನೋ ಆಂಟಿ," ಅಂದ ಗಿರಾಕಿ.

"ಹೋಗಪ್ಪ, ಅಲ್ಲಿ ಬೇಗ ಒಂದು ಸೊನ್ನೆ ಜಾಸ್ತಿ ಹಾಕ್ಕೊಡ್ತಾರೆ," ಅಂದೆ. ಕೂತ.

ಮಗಳು ಬೈಕೊಂಡು ಬೈಕೊಂಡೇ ಮೇಲಿನ ಸಾಲಿನಲ್ಲಿ ಒಂದೊಂದಾಗಿ ಹುಡುಕಿ ಒತ್ತಿದಳು. ಆದರೆ ಮುಗಿಯೋ ತನಕ ಮೊಣಕೈ ಪಕ್ಕೆ ಬಿಟ್ಟು ಆಚೆ ಹೋಗಲಿಲ್ಲ. ನಡುವೆ ಒಂದು ಸಲವೂ ಭುಜ ಹಿಡ್ಕೊಂಡು ಕೂರಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು. ಅವಳಿಗೆ ಹೇಳಲಿಲ್ಲ, ಹೇಳಿದ್ರೆ ತಕ್ಷಣ ನೋಯತ್ತೆ.

ಕೆಲವು ತಿಂಗಳಲ್ಲಿ ಭುಜ ಸಡಿಲವಾಯ್ತು. ಆಮೇಲೊಂದು ದಿನ ತಾನು ಹೇಳಿಕೊಟ್ಟ ವ್ಯಾಯಾಮದಿಂದ ಅಂತ ಡಾಕ್ಟರು. ತನ್ನ ಗರಗಸದಿಂದ ಅಂತ ಮೊಮ್ಮಗಳು. ಮಗಳನ್ನ ಕೇಳಿದರೆ ಯಾವುದೋ ಎಣ್ಣೆಯಿಂದ. ನಾನು ತೊಡಿಸಿದ ರವಿಕೆಯ ಹೆಸರು ಯಾರೂ ಎತ್ತಲಿಲ್ಲ.

ಅಷ್ಟರಲ್ಲಿ ಅಂಗಡಿ ಮಾಲೀಕರು, ಬಾಡಿಗೆ ಕರಾರು ಮುಗೀತು, ಇರ್ತೀರೋ ಬಿಡ್ತೀರೋ ಹೇಳಿಬಿಡಿ ಅಂತ ಬಂದರು. ಮಗಳು ಅವರ ಎದುರಿಗೇ ಕೂತು ಹೊಸ ಕರಾರು ತಾನೇ ಟೈಪ್ ಮಾಡಿದಳು. ಟಕಟಕ ಟಕಟಕ, ಎಲ್ಲೂ ನಿಲ್ಲದೆ. ಬಾಡಿಗೆಯ ಅಂಕಿ ಬಂದಾಗ ಮಾತ್ರ ಬೆರಳು ಸ್ವಲ್ಪ ತಡೆಯಿತು. ಅದು ಕೀಬೋರ್ಡಿನ ತಪ್ಪಲ್ಲ. ಬಾಡಿಗೆ ಏರಿಸಿದ್ದರು.