ನಾದಿನಿಯ ತೋಳಿಗೆ ಪಟ್ಟಿ ಕಟ್ಟುವವರು ಯಾರು

ನನ್ನ ನಾದಿನಿ ಮೆಲಿಯಾಮೆಗೆ ಜಂಬಕ್ಕೇನೂ ಬರವಿರಲಿಲ್ಲ. ಇದ್ದ ಜಂಬಗಳಲ್ಲಿ ದೊಡ್ಡದು ಅವಳ ರಕ್ತದೊತ್ತಡದ್ದು. ನೂರಾಹತ್ತು, ಎಪ್ಪತ್ತು. ವರ್ಷಕ್ಕೊಮ್ಮೆ ದೋಣಿಯಲ್ಲಿ ಬರುವ ಡಾಕ್ಟರು, ಇದು ಹದಿನೆಂಟರ ಹುಡುಗಿಯ ಬಿಪಿ ಅಂದಿದ್ದರಂತೆ. ನಮ್ಮ ದ್ವೀಪದ ಗಂಡಸರು ನಲವತ್ತು ದಾಟುತ್ತಲೇ ಒಬ್ಬೊಬ್ಬರಾಗಿ ಮಾತ್ರೆಗೆ ಬಿದ್ದರೆ, ಇವಳು ಭಾನುವಾರ ಚರ್ಚು ಮುಗಿಸಿ ಬಂದು, ನೆಲದೊಲೆಯಿಂದ ತೆಗೆದ ಎಲೆಗಟ್ಟು ಬಿಚ್ಚಿ, ಅದರಲ್ಲಿ ಬೆಂದ ಉಪ್ಪುಪ್ಪಾದ ಡಬ್ಬಿ ಮಾಂಸವನ್ನು ಮೂರು ಮೂರು ಸಲ ಬಡಿಸಿಕೊಂಡು, "ಗಂಡಸರು ಗಾಜಿನ ಸಾಮಾನು ಕಣೆ" ಅನ್ನುತ್ತಿದ್ದಳು.

ಎದುರು ಹೇಳುವವರಾದರೂ ಯಾರು? ನಮ್ಮ ಟೊಂಗಾದಲ್ಲಿ ಅಕ್ಕನಿಗಿಂತ ಮೇಲೆ ಕೂತ ತಮ್ಮನನ್ನು ಯಾರೂ ಕಂಡಿಲ್ಲ. ಅವಳು ನನ್ನ ಮಕ್ಕಳ ಸೋದರತ್ತೆ. ಸೋದರತ್ತೆ ಬಾಯಿ ಬಿಟ್ಟರೆ ಮನೆಯಲ್ಲಿರುವುದೆಲ್ಲ ಅವಳದ್ದೇ. ನಾನು ಎಂಟು ತಿಂಗಳು ಬೆರಳು ಸವೆಸಿ ನೇಯ್ದ ಚಾಪೆಯನ್ನು ನೋಡಿ "ಚೆನ್ನಾಗಿದೆ" ಅಂದಳೆಂದರೆ ಅದನ್ನು ಸುತ್ತಿ ಅವಳ ಕಂಕುಳಿಗೆ ಕೊಡುವುದೇ. ಅದಕ್ಕೇ ಅವಳು ಬರುವ ಸುಳಿವು ಸಿಕ್ಕರೆ ನಾನು ಹಳೇ ಚಾಪೆಯನ್ನೇ ಹಾಸುತ್ತಿದ್ದೆ.

ಇನ್ನೊಂದು ತೊಡಕೂ ಇತ್ತು. ವಯಸ್ಸು ಹತ್ತಾದ ಮೇಲೆ ನಮ್ಮಲ್ಲಿ ಅಣ್ಣ ತಂಗಿ, ಅಕ್ಕ ತಮ್ಮ ಒಂದು ಸೂರಿನಡಿ ಮಲಗುವುದಿಲ್ಲ, ಒಬ್ಬರ ಮೈ ಇನ್ನೊಬ್ಬರು ಮುಟ್ಟುವುದಿಲ್ಲ. ಮಳೆ, ಮೀನು, ಮಕ್ಕಳ ಓದು ಏನು ಬೇಕಾದರೂ ಮಾತಾಡಬಹುದು, ಮೈಯ ವಿಷಯ ಮಾತ್ರ ಬಾಯಿಗೆ ಬರಕೂಡದು. ಟಿವಿಯಲ್ಲಿ ಯಾರಾದರೂ ಮುತ್ತು ಕೊಟ್ಟರೆ ಇಬ್ಬರಲ್ಲೊಬ್ಬರು ಎದ್ದು ಹೋಗಬೇಕು. ಏಳುವವನು ಯಾವಾಗಲೂ ನನ್ನ ಗಂಡ ಲಾತು. ಈ ಲಾತುವೇ ಇಡೀ ದ್ವೀಪಕ್ಕೆ ಇರುವ ಒಬ್ಬನೇ ಆರೋಗ್ಯ ಸಹಾಯಕ. ಮೊದಲಿದ್ದ ನರ್ಸಮ್ಮ ಮದುವೆಯಾಗಿ ಆಕ್ಲೆಂಡಿಗೆ ಹೋದ ಮೇಲೆ ಬಿಪಿ ಯಂತ್ರವೂ ಅವನ ಕೈಯಲ್ಲೇ.

ಮೆಲಿಯಾಮೆಗೆ ಐವತ್ತಮೂರು ತುಂಬಿತು, ಮುಟ್ಟು ನಿಂತಿತು. ಅವಳು ನನಗೆ ಹೇಳಲಿಲ್ಲ, ಊರಿಗೇ ತಿಳಿಯಿತು. ಒಂದು ಭಾನುವಾರ ಪ್ರಾರ್ಥನೆಯ ನಡುವೆ ಅವಳಿಗೆ ಧಗೆ ಎದ್ದು, ಬೀಸಣಿಗೆ ಬೀಸಿ ಬೀಸಿ ಸಾಕಾಗಿ, ಮರ್ಯಾದೆಗೆಂದು ಬಟ್ಟೆಯ ಮೇಲೆ ಸೊಂಟಕ್ಕೆ ಕಟ್ಟಿದ್ದ ಚಾಪೆಯನ್ನು ಬಿಚ್ಚಿ ಪಕ್ಕಕ್ಕಿಟ್ಟುಬಿಟ್ಟಳು. ಚರ್ಚಿನಲ್ಲಿ ಸೊಂಟದ ಚಾಪೆ ಬಿಚ್ಚುವುದೆಂದರೆ ಮಾನ ಬಿಚ್ಚಿದ ಹಾಗೆ. ಪಾದ್ರಿ ಓದುತ್ತಿದ್ದ ಸಾಲು ತಪ್ಪಿ, ಆಶೀರ್ವಾದವನ್ನು ಅರ್ಧ ಗಂಟೆ ಮುಂಚೆಯೇ ಕೊಟ್ಟು ನಮ್ಮನ್ನೆಲ್ಲ ಮನೆಗೆ ಕಳಿಸಿದ.

ಮರುದಿನ ಅವಳು ತಲೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಲಾತು ಯಂತ್ರವನ್ನು ನನ್ನ ಕೈಗೆ ತುರುಕಿ ಹಲಗೆ ಗೋಡೆಯ ಆಚೆ ಹೋಗಿ ಕೂತ. ನಾನು ಅವಳ ತೋಳಿಗೆ ಪಟ್ಟಿ ಕಟ್ಟಿ ಗುಂಡಿ ಒತ್ತಿದೆ.

"ಎಷ್ಟು?" ಅಂದಿತು ಗೋಡೆ.

"ಮೇಲಿಂದು ನೂರಾ ಎಪ್ಪತ್ತೆಂಟು. ಕೆಳಗಿಂದು ನೂರಾ ನಾಲ್ಕು."

"ಐದು ನಿಮಿಷ ಸುಮ್ನೆ ಕೂರ್ಸಿ ಇನ್ನೊಂದ್ಸಲ ನೋಡು."

ನೋಡಿದೆ. ಮೊದಲಿಗಿಂತ ಎರಡು ಹೆಚ್ಚೇ ಬಂತು.

"ನಿಂಗೆ ಕಟ್ಟೋಕೆ ಬರಲ್ಲ," ಅಂದಳು ಮೆಲಿಯಾಮೆ. "ಚಾಪೆ ಅಂಚು ಕಟ್ಟೋದೂ ನೀನು ಹಿಂಗೇ, ಸೊಟ್ಟಪಟ್ಟ."

ನನಗೆ ಸಿಟ್ಟು ಬಂದು ಪಟ್ಟಿಯನ್ನು ನನ್ನ ತೋಳಿಗೇ ಕಟ್ಟಿ ತೋರಿಸಿದೆ. ನೂರಾ ಹದಿನೆಂಟು, ಎಪ್ಪತ್ತಾರು. ಅವಳು ಆ ಅಂಕಿಯನ್ನು ನೋಡಿದ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು. ಸುತ್ತಿ ಕಂಕುಳಲ್ಲಿಡಲು ಬರುವಂತಿದ್ದರೆ ನನ್ನ ಬಿಪಿಯನ್ನೂ ಅವತ್ತೇ ಒಯ್ಯುತ್ತಿದ್ದಳು.

"ಲೋಸೆ," ಅಂತ ಗೋಡೆ ನನ್ನನ್ನು ಕರೆಯಿತು. "ಅಕ್ಕಂಗೆ ಅದು ನಿಂತಿದೆಯಾ ಕೇಳು."

"ಯಾವುದು, ಗಡಿಯಾರಾನಾ?" ಅಂದೆ. ಗೊತ್ತಿದ್ದೂ ಅಂದೆ, ಸುಳ್ಳೇಕೆ ಹೇಳಲಿ.

ಆ ಕಡೆ ಕೆಮ್ಮು. ಈ ಕಡೆ ಮೆಲಿಯಾಮೆಯ ಮುಖ ಬೀಸಣಿಗೆಯ ಹಿಂದೆ. ಆಮೇಲೆ ಹಿತ್ತಿಲ ಬಾಗಿಲು ಧಡಾರನೆ ಹಾಕಿಕೊಂಡಿತು. ಆರೋಗ್ಯ ಸಹಾಯಕರು ಹಂದಿಗಳಿಗೆ ತೆಂಗಿನಕಾಯಿ ಹಾಕಲು ಹೊರಟುಹೋಗಿದ್ದರು.

ಮೆಲಿಯಾಮೆಯ ಬಳಿ ಇದಕ್ಕೆ ತನ್ನದೇ ಉತ್ತರವಿತ್ತು. "ತಿಂಗಳು ತಿಂಗಳೂ ಹೊರಗೆ ಹೋಗ್ತಿದ್ದ ರಕ್ತ ಈಗ ಹೋಗ್ತಿಲ್ಲ. ಒಳಗೇ ಉಳ್ಕೊಂಡಿದೆ. ತೊಟ್ಟಿ ತುಂಬಿದ್ರೆ ಒತ್ತಡ ಬರಲ್ವೇನೇ? ಅದಕ್ಕೆಲ್ಲ ಮಾತ್ರೆ ಯಾಕೆ?"

ನನಗೂ ಸರಿ ಅನ್ನಿಸಿತು. ಹೋಗಿ ಲಾತುವಿಗೆ ಹೇಳಿದೆ. ಊರಿನ ಯಾವ ಹೆಂಗಸಿನ ಹೆರಿಗೆಯ ಬಗ್ಗೆ ಬೇಕಾದರೂ ಮೀನಿನ ವ್ಯಾಪಾರದಷ್ಟು ಸಲೀಸಾಗಿ ಮಾತಾಡುವವನು, ಅಕ್ಕನ ವಿಷಯ ಬರುತ್ತಲೇ ಕಿವಿ ಕೆಂಪಗೆ ಮಾಡಿಕೊಂಡ.

"ಒಬ್ಬಳು ಹೆಂಗಸು ಇದಾಳೆ ಅಂದ್ಕೋ," ಅಂದ. "ಯಾರೋ ಒಬ್ಬಳು. ನೀನು ಚಾಪೆಗೆ ಸೀಳಿದ ಕೇದಗೆ ಎಲೆ ಹದವಾಗಿದ್ರೆ ಹೆಂಗಿರುತ್ತೆ?"

"ಬೆರಳಿಗೆ ಸುತ್ತಿದ್ರೂ ಮುರಿಯಲ್ಲ."

"ಒಣಗಿದ್ರೆ?"

"ಸೀಳು ಬಿಡುತ್ತೆ."

"ಆ ಹೆಂಗಸಿನ ರಕ್ತನಾಳಾನೂ ಅಷ್ಟೇ. ಈಸ್ಟ್ರೋಜನ್ ಅಂತ ಹೆಣ್ಮಕ್ಕಳ ಮೈಯಲ್ಲಿ ಒಂದು ಹಾರ್ಮೋನು. ಅದು ಇರೋ ತನಕ ನಾಳ ಮೆತ್ತಗಿರುತ್ತೆ, ಬೇಕಾದಾಗ ಹಿಗ್ಗುತ್ತೆ. ತಿಂಗಳಿನದು ನಿಂತ ಮೇಲೆ ಹಾರ್ಮೋನು ಇಳಿಯುತ್ತೆ, ನಾಳ ಬಿಗಿಯುತ್ತೆ. ಮೊದಲು ತಡ್ಕೊಂಡಿದ್ದ ಉಪ್ಪನ್ನ ಮೈ ಈಗ ತಡ್ಕೊಳಲ್ಲ. ಗಂಡಸರಿಗಿಂತ ಕಮ್ಮಿ ಇದ್ದ ಬಿಪಿ ಅವರನ್ನೂ ಹಿಂದೆ ಹಾಕುತ್ತೆ. ರಕ್ತ ಜಾಸ್ತಿ ಆಗಿ ಅಲ್ಲ."

"ಅಂದ್ರೆ ಇಷ್ಟು ವರ್ಷ ಆ ಡಬ್ಬಿ ಮಾಂಸದಿಂದ ಅವಳನ್ನ ಕಾಯ್ತಿದ್ದಿದ್ದು ಅದೇನಾ?"

"ಸುಮಾರಾಗಿ ಅದೇ." ಅವನು ನೆಲ ನೋಡಿದ. "ನಮ್ಮಮ್ಮ ಹೋದಾಗ ಐವತ್ನಾಲ್ಕು ತುಂಬಿ ಮೂರು ವಾರ ಆಗಿತ್ತು, ಲೋಸೆ. ಚಾಪೆ ನೇಯ್ತಾ ಕೂತಿದ್ದೋಳು ಹಂಗೇ ಪಕ್ಕಕ್ಕೆ ವಾಲಿದ್ಲು. ಅಕ್ಕಂಗೆ ನವೆಂಬರಿಗೆ ಐವತ್ನಾಲ್ಕು."

ನನಗೆ ಭಯವಾಯಿತು. ಮೆಲಿಯಾಮೆ ನನ್ನ ಹನ್ನೊಂದು ಚಾಪೆ ಒಯ್ದವಳು ನಿಜ. ನನ್ನ ಮೂರು ಹೆರಿಗೆಯಲ್ಲೂ ಇಡೀ ದಿನ ಬೆನ್ನು ಒತ್ತುತ್ತ ಕೂತವಳೂ ಅವಳೇ. ಅವಳಿಲ್ಲದ ಮನೆಯನ್ನು ನೆನೆಸಿಕೊಂಡರೆ ನನಗೆ ಅಳು ಬಂತು.

ಅಲ್ಲಿಂದ ನಾನು ಗೋಡೆಯ ಈಚೆಗೂ ಆಚೆಗೂ ಓಡಾಡಿದ್ದೇ ಓಡಾಡಿದ್ದು. ಎಲೆಯ ಕತೆ ಹೇಳಿದೆ. "ನಾನೇನು ಒಣಗಿದ ಎಲೆನಾ?" ಅಂದಳು. ಹಾಗಾದರೆ ಆ ಹಾರ್ಮೋನನ್ನೇ ವಾಪಸ್ ಕೊಡಲಿ ಅಂದಳು. ಅದು ಬಿಪಿಗೆ ಮದ್ದಲ್ಲ, ಬಿಪಿಗೆ ಬಿಪಿ ಮಾತ್ರೆಯೇ ಆಗಬೇಕು ಅಂದಿತು ಗೋಡೆ. ಮಾತ್ರೆ ಕೊಟ್ಟರೆ ಗಂಡಸರಿಗೆ ಕೊಡು ಅಂತ ಹಿಂದಿರುಗಿಸಿದಳು. ಎಲೆಗಟ್ಟಿಗೆ ಉಪ್ಪು ಮಾಂಸದ ಬದಲು ಹಸಿ ಮೀನು ಇಟ್ಟೆ. ಅವಳು ಎದ್ದು ಲಾತುವಿನ ತಟ್ಟೆಯಲ್ಲಿದ್ದ ಉಪ್ಪು ಮಾಂಸವನ್ನೇ ತೆಗೆದುಕೊಂಡಳು, ಅವಳ ಹಕ್ಕು. ವಾರ ವಾರ ಪಟ್ಟಿ ಕಟ್ಟುವಾಗ ನನ್ನ ತೊಡೆ ಚಿವುಟಿ, "ನೂರಾ ನಲವತ್ತು ಅನ್ನು" ಅನ್ನುತ್ತಿದ್ದಳು. ನಾನು ನೂರಾ ನಲವತ್ತು ಅನ್ನುತ್ತಿದ್ದೆ. ಆಮೇಲೆ ಹಿತ್ತಿಲಿಗೆ ಹೋಗಿ ಗಂಡನಿಗೆ ನಿಜ ಹೇಳುತ್ತಿದ್ದೆ. ಅಕ್ಕ ಸುಳ್ಳು ಹೇಳಿದಳು ಅನ್ನಲು ಅವನಿಗೆಲ್ಲಿಯ ಬಾಯಿ? ಪಾದ್ರಿಯಾದರೂ ಹೇಳಬಹುದಿತ್ತು. ಅವಳ ಮನೆಯ ಎಲೆಗಟ್ಟು ಚಪ್ಪರಿಸುತ್ತ ಅವಳಿಗೆ ಉಪ್ಪು ಬಿಡು ಅನ್ನುವುದು ಅವನಿಂದಲೂ ಆಗಲಿಲ್ಲ.

ಅಕ್ಟೋಬರಿನಲ್ಲಿ ಚಾಪೆ ಮುಗಿಸಿ ಅಂಚು ಕಟ್ಟುತ್ತಿದ್ದಾಗ ನನ್ನ ಮಂಕು ತಲೆಗೆ ಹೊಳೆಯಿತು. ಸೋದರತ್ತೆಗೂ ಒಬ್ಬಳು ಸೋದರತ್ತೆ ಇರುತ್ತಾಳೆ. ಅವಳು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರಬಾರದೇಕೆ? ಪಕ್ಕದ ದ್ವೀಪದಲ್ಲಿ ನನ್ನ ಮಾವನ ತಂಗಿ ಫಿಪೆ ಇದ್ದಳು, ಎಂಬತ್ತೊಂದು ವರ್ಷ. ಆ ಹೊಸ ಚಾಪೆಯನ್ನು ಸುತ್ತಿ ದೋಣಿಯವನ ಕೈಯಲ್ಲಿ ಕಳಿಸಿದೆ. ಜೊತೆಗೆ ಸಂಗತಿಯನ್ನೆಲ್ಲ ಹೇಳಿಕಳಿಸಿದೆ.

ಬುಧವಾರ ಮುದುಕಿ ಕಪ್ಪು ಕೊಡೆ ಊರಿಕೊಂಡು ಬಂದಿಳಿದಳು. ನಮ್ಮ ಮನೆಯ ಒಂದೇ ಒಂದು ಒಳ್ಳೆಯ ಕುರ್ಚಿಯಲ್ಲಿ ಕೂತು ಮೆಲಿಯಾಮೆಗೆ ಹೇಳಿಕಳಿಸಿದಳು. ಮೆಲಿಯಾಮೆ ಬಂದು, ಕುರ್ಚಿಯ ಕಡೆ ನೋಡಿ, ತೆಪ್ಪಗೆ ಕೆಳಗೆ ಹಳೇ ಚಾಪೆಯ ಮೇಲೆ ನನ್ನ ಪಕ್ಕ ಕೂತಳು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನಾವಿಬ್ಬರೂ ಒಂದೇ ಎತ್ತರದಲ್ಲಿ ಕೂತದ್ದು ಅವತ್ತೇ.

"ಮಾತ್ರೆ ಎಲ್ಲಿ?" ಅಂದಳು ಫಿಪೆ.

"ನಂಗೇನೂ ಆಗಿಲ್ಲ ಅತ್ತೆ. ನಿಂತುಹೋದ ರಕ್ತ ಒಳಗಿದೆ, ಅಷ್ಟೆ."

"ನಂಗೆ ನಿಂತು ಮೂವತ್ತು ವರ್ಷ ಆಯ್ತು. ನಿನ್ನ ಲೆಕ್ಕದಲ್ಲಿ ನಾನು ಇಷ್ಟೊತ್ತಿಗೆ ದೋಣಿ ಗಾತ್ರ ಆಗ್ಬೇಕಿತ್ತು. ಮೂವತ್ತು ವರ್ಷದಿಂದ ದಿನಾ ಮಾತ್ರೆ ನುಂಗ್ತಿದೀನಿ ಕಣೆ, ಪೆದ್ದಿ."

ಗೋಡೆಯ ಆಚೆ ಯಾರೋ ನಗು ತಡೆದ ಸದ್ದಾಯಿತು. ಮುದುಕಿ ನಗಲಿಲ್ಲ.

"ನಿಮ್ಮಮ್ಮ ತಲೆನೋವು, ತಲೆನೋವು ಅಂತಿದ್ಲು. ಕೆಲಸಗಳ್ಳಿ, ನನ್ನ ಚಾಪೆ ಮುಗ್ಸು ಅಂದೋಳು ನಾನೇ. ನಾನು ಹೇಳಿದ ಮೇಲೆ ಅವಳು ಎದುರು ಆಡೋ ಹಂಗಿರ್ಲಿಲ್ಲ. ಆ ಚಾಪೆ ಮೇಲೇ ಬಿದ್ಲು. ಅದಿನ್ನೂ ನನ್ನ ಹತ್ರ ಇದೆ, ಒಂದು ದಿನಾನೂ ಹಾಸಿಲ್ಲ." ಅವಳು ಕೊಡೆ ಎತ್ತಿ ಮೆಲಿಯಾಮೆಯ ಕಡೆ ಚಾಚಿದಳು. "ಅವಳ ಮಗಳನ್ನೂ ಹಂಗೇ ಕಳ್ಕೊಂಡ್ರೆ ನಾನು ಸತ್ತ ಮೇಲೆ ಅವಳಿಗೆ ಮುಖ ತೋರ್ಸೋದು ಹೆಂಗೆ? ನುಂಗು."

ಮೆಲಿಯಾಮೆ ಬಾಯಿ ತೆರೆದಳು. ನಾನು ಮಾತ್ರೆ ಹಾಕಿದೆ. ಎಳನೀರು ಕುಡಿದು ನುಂಗಿದಳು.

"ಲಾತು, ಒಳಗೆ ಬಾ. ಇನ್ಮೇಲೆ ಪಟ್ಟಿ ನೀನೇ ಕಟ್ಬೇಕು."

ಗೋಡೆ ಗಾಬರಿಯಾಯಿತು. "ಅತ್ತೆ, ಲೋಸೆ ಕಟ್ತಾಳೆ."

"ಲೋಸೆ ತೊಡೆ ಚಿವುಟಿದ್ರೆ ನೂರಾ ನಲವತ್ತು ಅಂತಾಳೆ. ನಿನ್ನ ತೊಡೆ ಚಿವುಟೋ ಹಂಗಿಲ್ಲ ಇವಳು. ಬಾ."

ಅವನು ಬಂದ. ಮುಖವನ್ನು ಬಾಗಿಲ ಕಡೆ ತಿರುಗಿಸಿ ಹಂದಿಗಳನ್ನು ನೋಡುತ್ತ ಕಟ್ಟಿದ. ತೋಳಿನ ಬಟ್ಟೆಯ ಮೇಲೇ ಕಟ್ಟಿದ್ದರಿಂದ ಯಂತ್ರ ಅಂಕಿ ತೋರಿಸಲಿಲ್ಲ. ಎರಡನೇ ಸಲ ತಲೆಕೆಳಗು ಕಟ್ಟಿದ. ಮೂರನೇ ಸಲಕ್ಕೆ ನೂರಾ ತೊಂಬತ್ತಾರು ಬಂತು. ಇಬ್ಬರೂ ಬೆವೆತು ನೀರಾಗಿದ್ದರು.

"ಇಪ್ಪತ್ತು ನಾಚಿಕೆಗೆ ಕಳೀರಿ," ಅಂದಳು ಫಿಪೆ.

ಆಮೇಲೆ ವಾರಕ್ಕೊಮ್ಮೆ ಹೀಗೇ ನಡೆಯಿತು. ಅವನು ಹಂದಿ ನೋಡುತ್ತ ಕಟ್ಟುವನು, ಅವಳು ತೆಂಗಿನ ಮರ ನೋಡುತ್ತ ಕಟ್ಟಿಸಿಕೊಳ್ಳುವಳು, ಮಾತೆಲ್ಲ ನನ್ನ ಮೂಲಕ. "ನಿನ್ನ ಗಂಡಂಗೆ ಹೇಳು, ಬಿಗಿ ಜಾಸ್ತಿ ಆಯ್ತು." "ನಿನ್ನ ನಾದಿನಿಗೆ ಹೇಳು, ಬಿಗಿ ಬೇಕು." ಉಪ್ಪು ಮಾಂಸ ಭಾನುವಾರಕ್ಕೆ ಒಂದು ಎಲೆಗಟ್ಟಿಗೆ ಇಳಿಯಿತು. ಅಂಕಿಯೂ ಇಳಿಯುತ್ತ ಬಂತು.

ನವೆಂಬರಿನಲ್ಲಿ ಅವಳ ಹುಟ್ಟುಹಬ್ಬ ಕಳೆದು ಮೂರು ವಾರವಾಯಿತು. ಅದರ ಮಾರನೆಯ ದಿನ, ಪಟ್ಟಿ ಕಟ್ಟುವ ದಿನವಲ್ಲದಿದ್ದರೂ ಬಂದು ಕೂತು ತೋಳು ಚಾಚಿದಳು. ಅವರಮ್ಮನ ಆಯುಸ್ಸನ್ನು ಅವಳು ದಾಟಿದ ದಿನ ಅದು. ನೂರಾ ಮೂವತ್ನಾಲ್ಕು, ಎಂಬತ್ತೆರಡು.

"ಲೋಸೆ," ಅಂದಳು ತೆಂಗಿನ ಮರ ನೋಡುತ್ತ. "ನಿನ್ನ ಗಂಡನ್ನ ಕೇಳು. ಅಮ್ಮಂಗೂ ಯಾರಾದ್ರೂ ಹಿಂಗೆ ಕಟ್ಟಿ ನೋಡಿ ಮಾತ್ರೆ ಕೊಟ್ಟಿದ್ರೆ, ಇರ್ತಿದ್ಲಾ ಅಂತ."

ನಾನು ಅವನ ಕಡೆ ತಿರುಗಿದೆ. ಕೇಳಬೇಕಾಗಲಿಲ್ಲ.

"ಇರ್ತಿದ್ಲು ಅಕ್ಕಾ," ಅಂದ ಲಾತು.

ಹಂದಿಗಳನ್ನು ನೋಡಿಕೊಂಡು ಹೇಳಲಿಲ್ಲ, ಅವಳನ್ನೇ ನೋಡಿ ಹೇಳಿದ. ಪಟ್ಟಿ ಬಿಚ್ಚುವುದನ್ನು ಇಬ್ಬರೂ ಮರೆತರು. ನಾನು ಒಲೆಯ ನೆಪ ಹೇಳಿ ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ. ಬರುವಷ್ಟರಲ್ಲಿ ಮೆಲಿಯಾಮೆ ಎದ್ದು ನಿಂತು, ಹೋದ ವರ್ಷ ನೇಯ್ದು, ನಾನು ಆ ದಿನ ಬಚ್ಚಿಡಲು ಮರೆತಿದ್ದ ಒಳ್ಳೆಯ ಚಾಪೆಯನ್ನು ನೋಡುತ್ತಿದ್ದಳು.

"ಚೆನ್ನಾಗಿದೆ," ಅಂದಳು.

ಸುತ್ತಿ ಅವಳ ಕಂಕುಳಿಗೆ ಕೊಟ್ಟೆ. ಒಯ್ಯಲು ಅವಳಿದ್ದಾಳಲ್ಲ, ಅಷ್ಟು ಸಾಕು.